ನಮ್ಮ ಅಡುಗೆಮನೆಯಲ್ಲಿ ನಿಂತಿದ್ದ ಕಾರು

ನನಗೆ ಕೆಲಸ ಸಿಕ್ಕಿದ ದಿನ ನಮ್ಮಪ್ಪ ಮೊದಲು ಮಾಡಿದ್ದು ಬೀದಿಯನ್ನು ಅಳೆಯುವ ಕೆಲಸ. ಸುಳ್ಳು ಹೇಳುತ್ತಿಲ್ಲ. ಚಳ್ಳಕೆರೆಯ ಹಳೇ ಪೇಟೆಯಲ್ಲಿ ನಮ್ಮ ಓಣಿ ಹೇಗಿತ್ತೆಂದರೆ ಎರಡು ಎತ್ತಿನ ಗಾಡಿ ಎದುರುಬದುರಾದರೆ ಯಾವುದಾದರೂ ಒಂದು ಹಿಂದಕ್ಕೆ ಸರಿಯಲೇಬೇಕು. ಕಂಪನಿಯಿಂದ ಬಂದ ಪತ್ರದಲ್ಲಿ ಕಾರು ಅನ್ನುವ ಪದ ಕಂಡದ್ದೇ ತಡ, ಅಪ್ಪ ಪತ್ರವನ್ನು ಪೂರ್ತಿ ಓದದೆ ಹೊರಗೆ ಹೋಗಿ, ಎದುರು ಮನೆಯ ಕಟ್ಟೆಯಿಂದ ನಮ್ಮ ಮೆಟ್ಟಿಲಿನವರೆಗೆ ಹೆಜ್ಜೆ ಹಾಕಿ ನೋಡಿ ಬಂದರು. ಬಂದವರು ಪಡಸಾಲೆಯಲ್ಲಿ ಕೂತು, ಕಾರು ಓಣಿಯೊಳಗೆ ಬರುವುದಿಲ್ಲ, ಮಂಡಿ ಹತ್ತಿರವೇ ನಿಲ್ಲಿಸಬೇಕಾಗುತ್ತದೆ ಎಂದರು. ಆಮೇಲೆ ಕನ್ನಡಕ ಹಾಕಿಕೊಂಡು ಮುಂದಿನ ಪದ ಓದಿದರು. ಕಾರಲ್ಲ, ಕಾರಿನ ಭತ್ಯೆ.

ಅಪ್ಪ ಶೇಂಗಾ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ನಾನು ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತು ದಿನಕ್ಕೊಂದು ನೆಪ ತೆಗೆದು ಅವ್ವನ ಜೊತೆ ಜಗಳ ಆಡುತ್ತಿದ್ದ ಕಾಲ ಅದು. ಖಾಸಗಿ ವಿಮೆ ಕಂಪನಿಗಳು ಆಗಷ್ಟೇ ನಮ್ಮ ಕಡೆ ಕಣ್ಣು ಹಾಕಿದ್ದವು. ಅಂಥದೊಂದು ಕಂಪನಿ ಕುರಿ, ಮೇಕೆ, ಹಸು, ಎಮ್ಮೆಗಳಿಗೆ ವಿಮೆ ಮಾಡಿಸುವುದಕ್ಕೆ ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿಗೆ ಸೇರಿಸಿ ಒಬ್ಬರನ್ನು ಹುಡುಕುತ್ತಿತ್ತು. ಆ ಒಬ್ಬಳು ನಾನಾದೆ. ಹುಡುಗಿ ಕುರಿ ಹಟ್ಟಿ ತಿರುಗುವುದೇ ಎಂದು ನೆಂಟರು ಮೂಗು ಮುರಿದರು. ಮೂಗು ಮುರಿದವರ ಮುಂದೆ ಗೆದ್ದು ತೋರಿಸುವ ಚಟ ನನಗೆ ಸಣ್ಣವಳಿದ್ದಾಗಿನಿಂದಲೂ ಇದೆ.

ಪತ್ರದಲ್ಲಿ ಎರಡು ದಾರಿ ಕೊಟ್ಟಿದ್ದರು. ತಿರುಗಾಟಕ್ಕೆ ಚಿತ್ರದುರ್ಗದ ಆಫೀಸಿನ ಜೀಪು ಬೇಕೋ, ಇಲ್ಲ ಕಾರಿನ ಭತ್ಯೆ ಬೇಕೋ, ವಾರದೊಳಗೆ ತಿಳಿಸಬೇಕು. ನಮಗೆಲ್ಲಿ ಗೊತ್ತು ಇದರ ತಲೆಬುಡ? ಪಕ್ಕದ ಮನೆಯಲ್ಲಿ ಬ್ಯಾಂಕಿನ ಮಾಮ ಇದ್ದರು. ನೆಂಟರೇನಲ್ಲ, ಬ್ಯಾಂಕಿನಲ್ಲಿ ಕ್ಲರ್ಕು, ಬೀದಿಗೆಲ್ಲ ಮಾಮ. ಅವರನ್ನು ಕರೆಸಿ ಕಾಫಿ ಕೊಟ್ಟು ಕೂರಿಸಿದೆವು. ಅವರು ಪತ್ರವನ್ನು ಎರಡು ಸಲ ಓದಿ, ಮಕ್ಕಳಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದರು. ಜೀಪು ಅಂದರೆ ಅವರ ಗಾಡಿ. ಡೀಸೆಲ್ಲು ಅವರದು, ಡ್ರೈವರು ಅವರವನು. ಬೇಕಾದ ದಿನ ಫೋನು ಮಾಡಿ ಕೇಳಬೇಕು, ಕೆಲಸ ಬಿಟ್ಟ ದಿನ ನಿನಗೂ ಅದಕ್ಕೂ ಸಂಬಂಧ ಇಲ್ಲ. ಖರ್ಚು ಮಾಡಿ ಬಿಲ್ಲು ಕೊಟ್ಟು ವಾಪಸು ಪಡೆಯುವುದು ಅಂತ ಇನ್ನೊಂದು ಇರುತ್ತದೆ, ಇವರಲ್ಲಿ ಅದಿಲ್ಲ. ಭತ್ಯೆ ಅಂದರೆ ತಿಂಗಳಾ ತಿಂಗಳಾ ಸಂಬಳದ ಜೊತೆ ಬರುತ್ತದೆ. ತೆರಿಗೆ ಲೆಕ್ಕಕ್ಕೂ ಸಂಬಳದ ಜೊತೆಯೇ ಸೇರುತ್ತದೆ. ಸ್ವಂತ ಕಾರಿದ್ದರೆ ಅದಕ್ಕೆ ಪೆಟ್ರೋಲು ಹಾಕಿಸಿಕೊ, ಇಲ್ಲದಿದ್ದರೆ ಬಾಡಿಗೆ ಗಾಡಿ ಮಾಡಿಕೊ, ಹೇಗೆ ಹೋದೆ ಅಂತ ಬಿಲ್ಲು ಕೇಳುವುದಿಲ್ಲ.

ಅಪ್ಪನ ಮುಖ ಅರಳಿತು. ಮಾಮ ಕಾಫಿ ಲೋಟ ಕೆಳಗಿಟ್ಟು, "ಇದೂ ಸಂಬಳಾನೇ ಕಣವ್ವ, ಹೆಸ್ರು ಬೇರೆ ಐತೆ ಅಷ್ಟೆ" ಎಂದರು.

ಅವ್ವ ಬಾಗಿಲ ಹತ್ತಿರ ಸೊಪ್ಪು ಸೋಸುತ್ತ ಕೂತಿದ್ದಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳಿಗೊಂದು ಅನುಮಾನ ಬಂತು.

"ಕಾರಿಲ್ದೆ ಕಾರಿನ ದುಡ್ಡು ತಗಂಡ್ರೆ ನಾಳೆ ಯಾರಾದ್ರೂ ಕೇಳಲ್ವಾ?"

"ಯಾರು ಕೇಳ್ತಾರಕ್ಕ?" ಎಂದು ಮಾಮ ನಕ್ಕರು. ನಾವೂ ನಕ್ಕೆವು. ಅವ್ವ ಕೂಡ ನಕ್ಕು ಸೊಪ್ಪು ಎತ್ತಿಕೊಂಡು ಒಳಗೆ ಹೋದಳು. ನಾನು ಭತ್ಯೆಯೇ ಬೇಕೆಂದು ಬರೆದು ಕಳಿಸಿದೆ.

ಮೊದಲ ತಿಂಗಳು ನಾನು ನಿಜವಾಗಿಯೂ ಎರಡು ಸಲ ಬಾಡಿಗೆ ಕಾರು ಮಾಡಿಕೊಂಡು ಹೋದೆ. ಅಂಬಾಸಿಡರಿನ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು ಹೋಗುವಾಗ ಎದೆ ಹೊಡೆದುಕೊಳ್ಳುತ್ತಿತ್ತು, ಅದು ಸಂತೋಷಕ್ಕಲ್ಲ, ಬಾಡಿಗೆಗೆ. ನಮ್ಮ ಮನೆಯಲ್ಲಿ ಹೆರಿಗೆಗೆ, ಹೆಣಕ್ಕೆ ಬಿಟ್ಟರೆ ಕಾರು ಮಾಡಿದವರೇ ಇರಲಿಲ್ಲ. ಡ್ರೈವರಿಗೆ ದುಡ್ಡು ಎಣಿಸಿ ಕೊಡುವಾಗ ಕೈ ಹಿಂದೆ ಜಗ್ಗುತ್ತಿತ್ತು. ಮೂರನೇ ಸಲ ಬಸ್ಸಿಗೆ ಹೋದೆ. ಬಸ್ಸು ನನ್ನನ್ನು ಅದೇ ಊರಿಗೆ ಮುಟ್ಟಿಸಿತು. ಸ್ವಲ್ಪ ತಡವಾಯಿತು, ಸ್ವಲ್ಪ ನಡೆದೆ, ಕೆಲಸವೂ ಆಯಿತು. ಮತ್ತೆ ಕಾರು ಯಾತಕ್ಕೆ?

ಭತ್ಯೆಯ ಹಣದಲ್ಲಿ ಮೊದಲು ಬಂದದ್ದು ರುಬ್ಬುವ ಗ್ರೈಂಡರು. ಅಪ್ಪ ಅದನ್ನು ನೋಡಿ, ಕಾರಿನ ಗೇರ್‌ಬಾಕ್ಸು ಬಂತು ಎಂದರು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ತಮಾಷೆ. ಫ್ರಿಜ್ಜು ಬಂದಾಗ ಅದು ಇಂಜಿನ್ನು. ರಾತ್ರಿ ಅದು ಗುರ್ರೆಂದರೆ ಅಪ್ಪ ಮಲಗಿದಲ್ಲಿಂದಲೇ, ಗಾಡಿ ಸ್ಟಾರ್ಟ್ ಆಯಿತು ನೋಡು ಅನ್ನುತ್ತಿದ್ದರು. ಆಮೇಲೆ ನನ್ನ ಕೈಗೆ ಎರಡು ಚಿನ್ನದ ಬಳೆ ಆದವು. ಅವು ಮುಂದಿನ ಗಾಲಿ. ದೀಪಾವಳಿ ಹೊತ್ತಿಗೆ ಇನ್ನೆರಡು ಮಾಡಿಸಿದರೆ ಹಿಂದಿನ ಗಾಲಿಯೂ ಆಗಿ ಕಾರು ಪೂರ್ತಿಯಾಗುತ್ತದೆ, ಆಮೇಲೆ ಹುಡುಗನನ್ನು ನೋಡಬಹುದು ಎಂದು ಅವ್ವ ಹೇಳುತ್ತಿದ್ದಳು. ನೆಂಟರು ಬಂದರೆ ಈ ತಮಾಷೆಯನ್ನು ಹೇಳಿ ಹೇಳಿ ನಗುತ್ತಿದ್ದೆವು. ನಮ್ಮ ಕಾರು ಓಣಿಯಲ್ಲಿ ಹಿಡಿಯಲಿಲ್ಲ, ಅಡುಗೆಮನೆಯಲ್ಲಿ ಹಿಡಿಯಿತು.

ಹೊರಗೆ ಆದದ್ದೇ ಬೇರೆ. ಬಿ.ಜಿ. ಕೆರೆಯಲ್ಲಿ ಬಸ್ಸಿಳಿದು ಬಿಸಿಲಲ್ಲಿ ಹೊಲದ ದಾರಿ ಹಿಡಿದು ನಡೆದರೆ, ಕಳೆ ಕೀಳುತ್ತಿದ್ದ ಹೆಂಗಸರು ಕೈ ಬಿಟ್ಟು ನೋಡುತ್ತಿದ್ದರು. ಜಟಿಂಗ ರಾಮೇಶ್ವರದ ಬೆಟ್ಟದ ಕೆಳಗಿನ ಒಂದು ಊರಿನಲ್ಲಿ ಮನೆಮನೆಯಲ್ಲೂ ತೆಲುಗು. ಅಲ್ಲಿ ಮುದುಕನೊಬ್ಬ ನನ್ನ ಧೂಳು ಮೆತ್ತಿದ ಚಪ್ಪಲಿ ನೋಡಿ, "ಅಯ್ಯೋ ಪಾಪಂ, ನಡಿಚಿ ವಚ್ಚಿಂದಿ" ಎಂದು ಹೆಂಡತಿಗೆ ಹೇಳಿ, ಪಾಪ ಹುಡುಗಿ ನಡೆದು ಬಂದಿದೆ ಎಂದು ಮಜ್ಜಿಗೆ ತರಿಸಿ ಕೊಟ್ಟ. ಸರ್ಕಾರದ ಆಫೀಸರುಗಳು ಜೀಪಿನಿಂದ ಕೆಳಗೇ ಇಳಿಯುವುದಿಲ್ಲ, ಈ ಹುಡುಗಿ ನೋಡು, ನಮ್ಮ ಹಾಗೆ ಬಸ್ಸಿಗೆ ಬರುತ್ತಾಳೆ ಎಂದು ಊರೂರಲ್ಲಿ ಹೆಸರಾಯಿತು. ಆ ಹೆಸರಿನ ಮೇಲೇ ಜನ ನನ್ನನ್ನು ನಂಬಿ ಕುರಿಗಳಿಗೆ ವಿಮೆ ಮಾಡಿಸಿದರು. ನಾನು ಮಜ್ಜಿಗೆ ಕುಡಿದೆ, ಹೊಗಳಿಕೆಯನ್ನೂ ಕುಡಿದೆ. ನನಗೆ ಕಾರಿನ ದುಡ್ಡು ಕೊಡುತ್ತಾರೆ ಎಂದು ಒಬ್ಬರ ಹತ್ತಿರವೂ ಬಾಯಿ ಬಿಡಲಿಲ್ಲ. ಕೇಳಿದವರೂ ಇಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಹಾಗೆ ನಂಬಿದವರಲ್ಲಿ ಒಬ್ಬಳು ಪರಶುರಾಂಪುರದ ಆಚೆಯ ಹಟ್ಟಿಯ ಅಜ್ಜಿ. ರಸ್ತೆಯಿಂದ ಇಳಿದು ಒಂದು ಗಂಟೆ ನಡೆಯಬೇಕಾದ ಹಟ್ಟಿ. ದನ, ಕುರಿ ನಂಬಿ ಬದುಕುವ ಮಂದಿ, ಕಟ್ಟುಪಾಡು ಜಾಸ್ತಿ. ಹಟ್ಟಿಯ ಸುತ್ತ ಎಲ್ಲೆಯ ಕಲ್ಲು ನೆಟ್ಟಿದ್ದರು. ಆ ಕಲ್ಲಿನ ಒಳಗೆ ಚಪ್ಪಲಿ ಇಲ್ಲ, ಯಾವ ಗಾಡಿಯೂ ಇಲ್ಲ; ಟ್ರ್ಯಾಕ್ಟರು ಇದ್ದವರೂ ಹೊರಗೇ ನಿಲ್ಲಿಸಿ ಬರುತ್ತಿದ್ದರು. ಒಳಗೆ ದೇವರಿಗೆ ಬಿಟ್ಟ ದನಗಳನ್ನು ಕೂಡುವ ಬೇಲಿಯ ರೊಪ್ಪ ಇತ್ತು. ದಿನಾ ಸಂಜೆ ಹೊತ್ತು ಮುಳುಗುವಾಗ ಆ ದನ ಮೇವಿನಿಂದ ಮರಳುವ ಹೊತ್ತಿಗೆ ಹಟ್ಟಿಯವರೆಲ್ಲ ಎದ್ದು ನಿಲ್ಲುತ್ತಿದ್ದರು.

ಅಜ್ಜಿಗೆ ನನ್ನನ್ನು ಕಂಡರೆ ಅದೇನು ಅಕ್ಕರೆಯೋ. ಮೊದಲ ದಿನವೇ ನನ್ನ ಕೈ ಹಿಡಿದು ಬಳೆ ತಿರುಗಿಸಿ ನೋಡಿ, ಅವ್ವ ಮಾಡಿಸಿದಳಾ ಎಂದು ಕೇಳಿದಳು. ಹೂಂ ಎಂದೆ. ಅವರ ಮನೆತನದಲ್ಲಿ ಹೆಣ್ಣು ಹುಟ್ಟಿದರೆ ಹೆಸರಿಡುವ ದಿನ ಆ ಮಗುವಿನ ಹೆಸರಿಗೆ ಒಂದು ಹೆಣ್ಣು ಕುರಿಮರಿ ಬಿಡುತ್ತಿದ್ದರು. ಅದರ ಸಂತಾನವೆಲ್ಲ ಆ ಹುಡುಗಿಯದು, ಅಪ್ಪ, ಅಣ್ಣ ಯಾರೂ ಮುಟ್ಟುವ ಹಾಗಿಲ್ಲ. ಅಜ್ಜಿಯ ಮೊಮ್ಮಗಳು ಪಿಯುಸಿ ಪಾಸಾಗಿದ್ದಳು. ಆ ಹಟ್ಟಿಯಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ಟೀಚರ್ ಟ್ರೇನಿಂಗಿಗೆ ಸೇರಬೇಕು, ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿ ಇರಬೇಕು ಎಂದು ಹಟ ಹಿಡಿದಿದ್ದಳು. ಅವಳ ಅಪ್ಪ, ಅಂದರೆ ಅಜ್ಜಿಯ ಮಗ, ತನ್ನಿಂದ ಒಂದು ಬಿಡಿಕಾಸೂ ಇಲ್ಲ ಅಂದಿದ್ದ. ಅಜ್ಜಿ ಬಗ್ಗಲಿಲ್ಲ. ಅವಳ ಕುರಿ ಅವಳ ಓದಿಗೆ, ನಿನ್ನನ್ನು ಯಾರು ಕೇಳಿದರು ಅಂದಳಂತೆ. ಆ ಕುರಿಗಳ ಕಿವಿಗೆ ನಾನೇ ನಿಂತು ವಿಮೆಯ ಬಿಲ್ಲೆ ಹಾಕಿಸಿದ್ದೆ. ವಿಮೆಯ ಕಂತನ್ನು ಅಜ್ಜಿ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಿದ್ದಳು.

ನಿಯಮವನ್ನೂ ನಾನೇ ಹೇಳಿದ್ದೆ. ಕುರಿ ಸತ್ತರೆ ಅವತ್ತೇ ಫೋನು ಮಾಡಬೇಕು. ನಾನು ಬಂದು ಬಿಲ್ಲೆ ಕಿವಿಯಲ್ಲೇ ಇರುವುದನ್ನು ಕಣ್ಣಾರೆ ನೋಡಿ ಫೋಟೊ ಹಿಡಿಯುವವರೆಗೆ ಹೂಳಬಾರದು. ಬಿಲ್ಲೆ ಕಿತ್ತು ತಂದು ಕೊಟ್ಟರೆ ನಡೆಯುವುದಿಲ್ಲ, ಯಾವ ಕುರಿಯ ಬಿಲ್ಲೆ ಯಾರು ಕಂಡರು ಎಂದು ಕಂಪನಿ ಕೇಳುತ್ತದೆ. ಅಜ್ಜಿ ಎಲ್ಲಾ ಕೇಳಿಸಿಕೊಂಡು, "ನೀನು ಹೊತ್ತು ಮುಳುಗೋದ್ರೊಳಗೆ ಬಂದ್ಬಿಡು ನನ್ನವ್ವ, ಅಮ್ಯಾಕೆ ನಾವು ಮಡಿಕ್ಕಳಂಗಿಲ್ಲ" ಅಂದಳು. ದೇವರ ದನ ಸಂಜೆ ಮರಳುವಾಗ ಸತ್ತ ಪ್ರಾಣಿ ಎಲ್ಲೆಯೊಳಗೆ ಮಣ್ಣಿನ ಮೇಲೆ ಬಿದ್ದಿರಕೂಡದು, ಎಲ್ಲೆ ದಾಟಿಸಿ ಹೊರಗೂ ಒಯ್ಯಕೂಡದು, ಒಮ್ಮೆ ಹೂಳಿದ ಮೇಲೆ ಆ ಮಣ್ಣನ್ನು ಕೆದಕಕೂಡದು. ಅದು ಅವರ ಹಟ್ಟಿಯ ಕಟ್ಟು. ಬೆಳಗ್ಗೆ ಫೋನು ಮಾಡಿದರೆ ಮಧ್ಯಾಹ್ನಕ್ಕೆ ಬರುವುದು ಏನು ದೊಡ್ಡ ವಿಷಯ ಎಂದು ನಾನು ಅಂದಿದ್ದೆ. ಕೈ ಮೇಲೆ ಕೈ ಇಟ್ಟು ಅಂದಿದ್ದೆ.

ಮುಂಗಾರಿನ ಒಂದು ರಾತ್ರಿ ಆ ಕಡೆ ಸಿಡಿಲು ಬಿತ್ತು. ಮೊಮ್ಮಗಳ ಕುರಿಗಳನ್ನು ಆ ವಾರ ಚಳ್ಳಕೆರೆ ಸಂತೆಗೆ ಹೊಡೆಯಬೇಕೆಂದು ಮಂದೆಯಿಂದ ಬೇರೆ ಮಾಡಿ ಬೇವಿನ ಮರದ ಕೆಳಗೆ ಕಟ್ಟಿದ್ದರು. ಬೆಳಗ್ಗೆ ನೋಡಿದರೆ ಎಲ್ಲವೂ ಕಟ್ಟಿದಲ್ಲೇ ಸತ್ತು ಬಿದ್ದಿದ್ದವು. ಅಜ್ಜಿಯ ಮಗ ಪರಶುರಾಂಪುರಕ್ಕೆ ಬಂದು ಬೂತಿನಿಂದ ಚಳ್ಳಕೆರೆಯ ನನ್ನ ಆಫೀಸಿಗೆ ಫೋನು ಮಾಡಿದಾಗ ಹತ್ತು ಗಂಟೆಯೂ ಆಗಿರಲಿಲ್ಲ. ಪಶುವೈದ್ಯರು ಬೈಕಿನಲ್ಲಿ ಹೊರಟಿದ್ದಾರೆ, ನೀವೂ ಬನ್ನಿ ಮೇಡಂ ಎಂದ. ಇದೋ ಹೊರಟೆ ಎಂದೆ. ಸುಳ್ಳಲ್ಲ, ಕ್ಯಾಮೆರಾಗೆ ರೀಲು ಹಾಕಿಕೊಂಡು ಆ ಕ್ಷಣವೇ ಹೊರಟೆ.

ಬಸ್ ಸ್ಟ್ಯಾಂಡಿನ ಎದುರಿಗೇ ಬಾಡಿಗೆ ಕಾರುಗಳು ನಿಲ್ಲುತ್ತಿದ್ದವು. ಮೊದಲ ತಿಂಗಳು ನನ್ನನ್ನು ಕರೆದುಕೊಂಡು ಹೋಗಿದ್ದ ಡ್ರೈವರು ಬಾನೆಟ್ಟಿಗೆ ಒರಗಿ ನಿಂತಿದ್ದ. ನನ್ನನ್ನು ಕಂಡು ಬಾಗಿಲಿಗೆ ಕೈ ಹಾಕಿ, "ಬರ್ರಿ ಮೇಡಂ, ಯಾವ ಕಡೆ?" ಎಂದ. ನಾನು ಬೇಡ ಎಂದು ತಲೆಯಾಡಿಸಿದೆ. ಯೋಚನೆ ಮಾಡಿ ಆಡಿಸಿದ ತಲೆಯೂ ಅಲ್ಲ ಅದು. ಅಭ್ಯಾಸವಾಗಿ ಹೋಗಿತ್ತು. ಅದೂ ಅಲ್ಲದೆ ಹಿಂದಿನ ದಿನವೇ ಅವ್ವ ಅಕ್ಕಸಾಲಿಗರ ಅಂಗಡಿಗೆ ಹೋಗಿ ಹಿಂದಿನ ಗಾಲಿಗೆ ಮುಂಗಡ ಕೊಟ್ಟು ಬಂದಿದ್ದಳು. ಬಸ್ಸು ಇನ್ನೇನು ಬರುತ್ತದೆ ಎಂದು ಕಲ್ಲುಬೆಂಚಿನ ಮೇಲೆ ಕೂತೆ.

ಬಸ್ಸು ಬರಲಿಲ್ಲ. ರಾತ್ರಿಯ ಮಳೆಗೆ ಎಲ್ಲೋ ಹಳ್ಳ ಬಂದಿದೆ, ಸುತ್ತಿಕೊಂಡು ಬರುತ್ತದೆ ಎಂದರು. ಮಧ್ಯಾಹ್ನ ಒಂದು ಗಂಟೆಯಾಯಿತು, ಎರಡಾಯಿತು. ಡ್ರೈವರು ಮಧ್ಯೆ ಎರಡು ಸಲ ನನ್ನ ಕಡೆ ನೋಡಿದ. ಎದ್ದು ಹೋಗಿ ಕಾರು ಹತ್ತಬೇಕೆಂದು ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ಇಷ್ಟು ಹೊತ್ತು ಕಾದಿದ್ದೇನೆ, ಈಗ ಹೋಗಿ ಬಾಡಿಗೆ ಕೊಟ್ಟರೆ ಕಾದದ್ದೂ ದಂಡ, ದುಡ್ಡೂ ದಂಡ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಮಂಡಿ ಗುಮಾಸ್ತರ ಮಗಳಲ್ಲವೇ. ಕೊನೆಗೆ ಖಾಸಗಿ ಬಸ್ಸೊಂದು ಬಂತು. ಹತ್ತಿದೆ. ಅದು ಮೇಲೆ ಹಿಂಡಿಯ ಮೂಟೆ ಏರಿಸಿಕೊಂಡು, ಕ್ರಾಸಿಗೊಂದು ಸಲ ನಿಂತು, ಕೂಗಿ ಕರೆದು ಜನ ತುಂಬಿಸಿಕೊಂಡು ಹೊರಟಿತು. ಅರ್ಧ ದಾರಿಯಲ್ಲಿ ಟೈರು ಪಂಕ್ಚರಾಯಿತು. ನಾನು ಕಂಡಕ್ಟರನ ಮೇಲೆ ರೇಗಾಡಿದೆ. ಅಲ್ಲಿ ಕುರಿ ಸತ್ತಿವೆ, ಕಾಯುತ್ತಿದ್ದಾರೆ, ನಿಮಗೇನು ಗೊತ್ತು ಎಂದು ಬಾಯಿಗೆ ಬಂದಂತೆ ಬೈದೆ. ಅವನು ಜಾಕು ತಿರುಗಿಸುತ್ತ, ಅಷ್ಟು ಅರ್ಜೆಂಟಿದ್ದರೆ ಕಾರು ಮಾಡಿಕೊಂಡು ಬರಬೇಕಿತ್ತು ಎಂದ.

ಹಟ್ಟಿಯ ಕ್ರಾಸಿನಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು, ಆದರೆ ಕೆಂಪಾಗಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನ ದಾರಿಯಲ್ಲಿ ಓಡಿದೆ, ನಡೆದೆ, ಮತ್ತೆ ಓಡಿದೆ. ಎಲ್ಲೆಯ ಕಲ್ಲಿನ ಹತ್ತಿರ ಮುಟ್ಟುವ ಹೊತ್ತಿಗೆ ದೇವರ ದನಗಳ ಗಂಟೆ ಸದ್ದು ಕೇಳುತ್ತಿತ್ತು. ಹಟ್ಟಿಯವರೆಲ್ಲ ಎದ್ದು ನಿಂತಿದ್ದರು. ಬೇವಿನ ಮರದಿಂದ ಸ್ವಲ್ಪ ದೂರದಲ್ಲಿ ಹಸಿ ಮಣ್ಣಿನ ದಿಬ್ಬ ಕಾಣಿಸಿತು. ಪಶುವೈದ್ಯರು ಮಧ್ಯಾಹ್ನದೊಳಗೇ ಬಂದು ನೋಡಿ, ಬರೆದುಕೊಟ್ಟು ಹೋಗಿದ್ದರು. ಬಾಕಿ ಇದ್ದದ್ದು ನಾನೊಬ್ಬಳೇ. ಹಟ್ಟಿಯ ಹಿರಿಯರು ಮೂರು ಗಂಟೆಯಿಂದ ಹೂಳಿ ಎಂದು ಹೇಳುತ್ತಲೇ ಇದ್ದರಂತೆ. ಅಜ್ಜಿ, ಹುಡುಗಿ ಬರ್ತಾಳೆ, ಮಾತು ಕೊಟ್ಟೌಳೆ ಎಂದು ಗುಂಡಿಯ ಮುಂದೆ ಅಡ್ಡ ಕೂತಿದ್ದಳಂತೆ. ಹೊತ್ತು ಇಳಿದು ದನ ಮರಳುವ ವೇಳೆ ಹತ್ತಿರವಾದ ಮೇಲೆ ಅವಳೇ ಎದ್ದು ದಾರಿ ಬಿಟ್ಟಳಂತೆ. ಇದನ್ನೆಲ್ಲ ಅವಳ ಮಗ ನನಗೆ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅಜ್ಜಿ ಮಾತ್ರ ನನ್ನ ಕೆಸರು ಕಾಲು ನೋಡಿ, "ಅಯ್ಯೋ ನನ್ನವ್ವ, ಓಡಿ ಬಂದ್ಯಾ" ಎಂದು ನೀರು ತಂದು ಕಾಲಿಗೆ ಹಾಕಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮನೆಗೆ ಬಂದು ಊಟ ಮಾಡಲಿಲ್ಲ. ಅವ್ವ ಹಣೆ ಮುಟ್ಟಿ ನೋಡಿದಳು. ಬಸ್ಸು ಕೆಟ್ಟಿತು ಎಂದೆ, ಕಾರು ಮಾಡಬಹುದಿತ್ತು ಎಂದು ನಾನೂ ಹೇಳಲಿಲ್ಲ, ಮನೆಯವರೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ಜು ಗುರ್ರೆಂದಿತು. ಅಪ್ಪ ಅಭ್ಯಾಸದ ಮೇಲೆ ಬಾಯಿ ತೆರೆದವರು ನನ್ನ ಕಡೆ ನೋಡಿ ಗೋಡೆಗೆ ಮುಖ ಮಾಡಿ ಮಲಗಿದರು.

ಮರುದಿನ ನಾನು ಕಾರು ಮಾಡಿಕೊಂಡು ಹೋದೆ. ನಗು ಬರುತ್ತದೆ ಅಲ್ಲವೇ? ಸತ್ತ ಕುರಿಗೆ ಇಲ್ಲದ ಕಾರು ಹೂಳಿದ ಕುರಿಗೆ. ಹಟ್ಟಿಯವರು ನೋಡಿಬಿಡುತ್ತಾರೆಂದು ಅದನ್ನು ಕ್ರಾಸಿನಲ್ಲೇ ನಿಲ್ಲಿಸಿ, ಡ್ರೈವರಿಗೆ ಕಾಯಲು ಹೇಳಿ, ಎಂದಿನಂತೆ ನಡೆದುಕೊಂಡು ಹೋದೆ. ಒಂದು ಸಲ ಮಣ್ಣು ತೆಗೆದು ತೋರಿಸಲು ಆಗುತ್ತದೆಯೇ ಎಂದು ಹಿರಿಯರನ್ನು ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ, ಆಗುವುದಿಲ್ಲ ತಾಯಿ ಎಂದರು. ನನ್ನ ಕೈಚೀಲದಲ್ಲಿ ಆ ತಿಂಗಳ ಭತ್ಯೆ ಪೂರ್ತಿ ಇತ್ತು. ಅದನ್ನು ಅಜ್ಜಿಯ ಕೈಗೆ ಹಾಕಲು ಹೋದೆ. ಅಜ್ಜಿ ನನ್ನ ಮುಷ್ಟಿಯನ್ನು ಹಾಗೇ ಮುಚ್ಚಿ ವಾಪಸು ತಳ್ಳಿದಳು.

"ನಿನ್ ಸಂಬಳ ಯಾಕೆ ಕೊಡ್ತೀಯ? ನೀನೇ ಬಿಸಿಲಾಗೆ ಬಸ್ಸಿಗೆ ತಿರುಗ್ತೀಯ. ಮಡಿಕ್ಕ."

ಅದು ಸಂಬಳ ಅಲ್ಲ ಅಜ್ಜಿ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಲ್ಲಿಂದ ಮುಂದೆ ಬರಲಿಲ್ಲ. ಕ್ರಾಸಿನವರೆಗೆ ನಡೆದು ಬಂದು ಕಾರಿನಲ್ಲಿ ಕೂತು ಅತ್ತೆ. ಡ್ರೈವರು ಕಿಟಕಿ ಏರಿಸಿಕೊಂಡ.

ಬಿಲ್ಲೆಯ ಫೋಟೊ ಇಲ್ಲದೆ ಹಣ ಬರುವುದಿಲ್ಲ ಎಂದು ಕಂಪನಿಯಿಂದ ಉತ್ತರ ಬಂತು. ನಾನು ಸುಮ್ಮನೆ ಕೂರಲಿಲ್ಲ. ಚಿತ್ರದುರ್ಗದ ಆಫೀಸಿಗೆ ಮೇಲಿಂದ ಮೇಲೆ ಫೋನು ಮಾಡಿದೆ, ಹೋಗಿ ನಿಂತೆ, ಜಗಳವನ್ನೂ ಆಡಿದೆ. ಪಶುವೈದ್ಯರ ಬರಹ ಇದೆ, ಹಟ್ಟಿಯ ಕಟ್ಟುಪಾಡು ಹೀಗಿದೆ, ನೀವೇ ಒಮ್ಮೆ ಬಂದು ಮಾತಾಡಿ ಎಂದೆ. ಕಾಟ ತಾಳಲಾರದೆ ನಮ್ಮ ಹಿರಿಯ ಅಧಿಕಾರಿ ಬರುತ್ತೇನೆಂದು ಒಪ್ಪಿಕೊಂಡರು. ಅಷ್ಟರಲ್ಲಿ ಟ್ರೇನಿಂಗಿಗೆ ಸೇರುವ ದಿನ ಕಳೆದುಹೋಗಿತ್ತು. ಆದರೂ ಹಣ ಬಂದರೆ ಮುಂದಿನ ವರ್ಷಕ್ಕಾದರೂ ಹುಡುಗಿ ಹೋಗುತ್ತಾಳೆ ಎಂಬ ಆಸೆ ನನಗೂ ಇತ್ತು, ಅಜ್ಜಿಗೂ ಇತ್ತು.

ಅಧಿಕಾರಿ ಬಂದದ್ದು ಈರುಳ್ಳಿ ಕೀಳುವ ಕಾಲದಲ್ಲಿ. ಅವರ ಕಾರಿನಲ್ಲೇ ನನ್ನನ್ನೂ ಕೂರಿಸಿಕೊಂಡು ಹೋದರು. ಎಲ್ಲೆಯ ಕಲ್ಲಿನ ಹೊರಗೆ ಕಾರು ನಿಲ್ಲಿಸಿ, ಬೂಟು ಬಿಚ್ಚಿ ಒಳಗೆ ಬಂದರು. ಒಳ್ಳೆಯ ಮನುಷ್ಯ, ಅದನ್ನೂ ಹೇಳಬೇಕು. ಹಟ್ಟಿಯವರು ಬೇವಿನ ಮರದ ಕೆಳಗೆ ಕಂಬಳಿ ಹಾಸಿ ನಮ್ಮನ್ನು ಕೂರಿಸಿದರು. ಮೊಮ್ಮಗಳು ಎಲ್ಲಿ ಎಂದು ಕೇಳಿದೆ. ಈರುಳ್ಳಿ ಕೊಯ್ಯಾಕೆ ಕೂಲಿಗೆ ಹೋಗೌಳೆ ಎಂದಳು ಅಜ್ಜಿ. ಹೇಳಿ ನನ್ನ ಕೈಗೆ ಮಜ್ಜಿಗೆ ಲೋಟ ಕೊಟ್ಟಳು. ನಾನು ಬಳೆಗಳ ಮೇಲೆ ಸೆರಗು ಎಳೆದುಕೊಂಡು ಲೋಟ ತೆಗೆದುಕೊಂಡೆ. ಹಿಂದಿನ ಗಾಲಿ ಬೇಡವೆಂದು ಅವ್ವನಿಗೆ ಹೇಳಿ ಮುಂಗಡ ವಾಪಸು ತರಿಸಿದ್ದೆ. ಮುಂದಿನವು ಕೈಯಲ್ಲೇ ಇದ್ದವು.

ಅಧಿಕಾರಿ ಮೆತ್ತಗೆ ಒಂದೊಂದಾಗಿ ಕೇಳಿದರು. ಅಜ್ಜಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ನನ್ನ ಕಡೆ ತಿರುಗಿದರು. ಸುದ್ದಿ ಬಂದದ್ದು ಬೆಳಗ್ಗೆ ಅಲ್ಲವೇ, ನೀವು ಇಲ್ಲಿಗೆ ಮುಟ್ಟಿದ್ದು ಎಷ್ಟು ಹೊತ್ತಿಗೆ, ಅಷ್ಟು ಹೊತ್ತು ಯಾಕೆ ಬೇಕಾಯಿತು ಎಂದರು. ಬಸ್ಸು ತಡವಾಯಿತು ಸಾರ್ ಎಂದೆ.

"ಬಸ್ಸಾ?" ಎಂದರು ಅವರು.

ಅವರ ಹುಬ್ಬು ಮೇಲೇರಿದ್ದನ್ನು ಅಜ್ಜಿಯೂ ನೋಡಿದಳು. ನನಗೆ ಬೈಗುಳ ಬೀಳುತ್ತದೆ ಎಂದುಕೊಂಡಳೇನೋ, ಕೂತಲ್ಲಿಂದ ಎದ್ದು ನನ್ನ ಮುಂದೆ ಬಂದು ನಿಂತಳು. ಆವತ್ತು ಗುಂಡಿಯ ಮುಂದೆ ಅಡ್ಡ ಕೂತವಳು ಇವತ್ತು ನನಗೆ ಅಡ್ಡ ನಿಂತಳು.

"ಹುಡುಗಿ ಮ್ಯಾಲೆ ಸಿಟ್ಟಾಗಬ್ಯಾಡ್ರಿ ಸ್ವಾಮಿ. ಅವ್ಳ ತಪ್ಪೇನೈತೆ? ಕೆಸರಾಗೆ ಬರಿಗಾಲಾಗೆ ಓಡಿ ಬಂದ್ಲು, ನಾನೇ ನೋಡೀನಿ. ನೀವು ಅವ್ಳಿಗೊಂದು ಗಾಡಿ ಕೊಟ್ಟಿದ್ರೆ ಹೊತ್ತು ಮುಳುಗೋಕೆ ಮುಂಚೆ ಬರ್ತಿರಲಿಲ್ವಾ? ನಮ್ ಕುರಿ ದುಡ್ಡು ಬಿಡ್ರಿ, ಅದು ಹೋದ್ದು ಹೋತು. ಇವ್ಳಿಗೊಂದು ಗಾಡಿ ಕೊಡಿಸ್ರಿ. ಇನ್ನೊಬ್ರಿಗಾದ್ರೂ ಹೊತ್ತಿಗೆ ಬರ್ಲಿ."

ಅಧಿಕಾರಿ ಅಜ್ಜಿಯ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಅಜ್ಜಿಯ ಮಗನೂ ನೋಡುತ್ತಿದ್ದ. ಮಜ್ಜಿಗೆ ಲೋಟವನ್ನು ಕಂಬಳಿಯ ಮೇಲೆ ಇಟ್ಟೆ. ಸೆರಗು ಜಾರಿತು, ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

"ಕೊಟ್ಟಿದಾರೆ ಅಜ್ಜಿ" ಎಂದೆ. "ಸೇರಿದ ದಿನದಿಂದಾನೂ ಕೊಟ್ಟಿದಾರೆ."

ಅಜ್ಜಿ ನನ್ನ ಕಡೆ ತಿರುಗಿದಳು. ಅವಳ ಮುಖ ಪೂರ್ತಿ ಅರಳಿತು. ತನ್ನ ಮೊಮ್ಮಗಳು ಪಾಸಾದ ದಿನ ಹೀಗೇ ನಕ್ಕಿದ್ದಳೋ ಏನೋ.

"ಹೌದಾ? ಮತ್ತೆ ಹೇಳಲೇ ಇಲ್ಲ ನ್ವಾಡು. ಎಲ್ಲಿ ನಿಲ್ಸಿ ಬಂದೀಯ ನನ್ನವ್ವ?"

ಹಾಗೆಂದು ಕಣ್ಣಿಗೆ ಕೈ ಅಡ್ಡ ಹಿಡಿದು, ಎಲ್ಲೆಯ ಕಲ್ಲಿನಾಚೆ, ಸಾಹೇಬರ ಕಾರಿನ ಹಿಂದೆ ಇನ್ನೊಂದು ಕಾರು ನಿಂತಿದೆಯೇನೋ ಎಂದು ನೋಡತೊಡಗಿದಳು.